ಕಾಲ್ಗುಣ

ನಾನು ಮದುವೆಯಾಗಿ ಬಂದ ವರ್ಷ ನಮ್ಮ ಮಾವನವರ ಅಡಿಕೆ ತೋಟಕ್ಕೆ ಕೊಳೆರೋಗ ಬಂತು. ಎಳೆಗಾಯಿ ಉದುರಿ ಮರಗಳ ಬುಡವೆಲ್ಲ ಹಸಿರು ಹಾಸಿದಂತಾಗಿತ್ತು. ಒಂದು ಸಂಜೆ ಜಗುಲಿಯಲ್ಲಿ ಕೂತಿದ್ದ ಹಿರಿಯರೊಬ್ಬರು, ನಾನು ಕಾಫಿ ಲೋಟ ಹಿಡಿದು ಬರುತ್ತಿದ್ದುದನ್ನು ಕಂಡೂ ಕಾಣದವರ ಹಾಗೆ, "ಹೊಸ ಸೊಸೆಯ ಕಾಲ್ಗುಣ, ಏನು ಮಾಡಲಿಕ್ಕಾಗುತ್ತೆ" ಎಂದರು. ನನ್ನ ಕೈಯಿಂದ ಲೋಟ ಬೀಳಲಿಲ್ಲ. ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಬಂದೆ. ಆ ಹಿರಿಯರು ಹೋಗಿ ಎಷ್ಟೋ ಕಾಲವಾಯಿತು. ಮಾತು ಮಾತ್ರ ಹೋಗಿಲ್ಲ.

ಅದೇ ಮಾತನ್ನು ನಾನು ಎರಡನೆಯ ಸಲ ಕೇಳಿದ್ದು ಅಮೆರಿಕದ ಟೀವಿಯಲ್ಲಿ. ಅಲ್ಲಿ ಅದಕ್ಕೆ 'ಸ್ಪೀಡ್' ಎಂದು ಹೆಸರು.

2006ರ ಕೊನೆಯ ತಿಂಗಳುಗಳಲ್ಲಿ ನಾನು ಮಗಳ ಬಾಣಂತನಕ್ಕೆಂದು ಓಹಾಯೋ ರಾಜ್ಯದ ಕೊಲಂಬಸ್ ನಗರಕ್ಕೆ ಹೋಗಿದ್ದೆ. ಖಾರದ ಪುಡಿ, ಶುಂಠಿ, ಎಣ್ಣೆ ಎಲ್ಲ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋದವಳಿಗೆ ಆ ಊರು ಒಂದು ಆಟಕ್ಕಾಗಿ ಕೆಂಪು ಬಟ್ಟೆ ಉಟ್ಟು ಹುಚ್ಚೆದ್ದು ಕುಣಿಯುತ್ತಿದೆ ಎಂಬುದು ಗೊತ್ತಿರಲಿಲ್ಲ. ಅಲ್ಲಿಯ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಆಟದ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಆಡುವವರು ಕಾಲೇಜಿನ ಹುಡುಗರು, ಹದಿನೆಂಟರಿಂದ ಇಪ್ಪತ್ತೆರಡು-ಇಪ್ಪತ್ತಮೂರರ ಒಳಗಿನವರು. ತರಬೇತುದಾರರಿಗೆ ಕೋಟಿಗಟ್ಟಲೆ ಸಂಬಳ. ಹುಡುಗರಿಗೆ ವಿದ್ಯಾರ್ಥಿವೇತನ ಬಿಟ್ಟರೆ, 2021ರವರೆಗೆ ತಮ್ಮ ಹೆಸರಿನಿಂದ ಹಣ ಮಾಡಿಕೊಳ್ಳಲೂ ಅನುಮತಿ ಇರಲಿಲ್ಲ.

ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಅದರಲ್ಲಿ ಚೆಂಡನ್ನು ಕಾಲಿನಿಂದ ಒದೆಯುವುದೇ ಅಪರೂಪ. ಎರಡೂ ಕಡೆ ಹನ್ನೊಂದು ಜನ. ನೂರು ಗಜ ಉದ್ದದ, ಐವತ್ತಮೂರು ಗಜ ಅಗಲದ ಅಂಗಳ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಸರದಿ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸರದಿ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ 6 ಅಂಕ, ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಗೆರೆ ದಾಟಲಾಗದೆ ದೂರದಿಂದಲೇ ಒದ್ದು ಕಂಬಗಳ ನಡುವೆ ಕಳಿಸಿದರೆ 3. ಕ್ವಾರ್ಟರ್‌ಬ್ಯಾಕ್ ಎನ್ನುವವನು ಚೆಂಡು ಹಿಡಿದು ಯಾರಿಗೆ ಎಸೆಯಲಿ ಎಂದು ನೋಡುವಾಗ, ಎದುರಿನವರು ಅವನನ್ನು ಕೆಡವಲು ನುಗ್ಗುತ್ತಾರೆ. ಅವನಿಗೆ ಸಿಗುವುದು ಎರಡು ಮೂರು ಸೆಕೆಂಡು. ಕಬಡ್ಡಿ ನೋಡಿದವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ನನಗೆ ಅಳಿಯಂದಿರು ಇದನ್ನು ಹೇಳಿಕೊಟ್ಟಿದ್ದು ಕೂಸಿನ ಬಟ್ಟೆ ಮಡಿಸುತ್ತ.

ಆ ವರ್ಷ ಓಹಾಯೋ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದಿತ್ತು. ಮೊದಲ ಹನ್ನೊಂದರಲ್ಲಿ ಯಾವ ತಂಡವೂ ಅವರ ಎದುರು 17ಕ್ಕಿಂತ ಹೆಚ್ಚು ಅಂಕ ಗಳಿಸಿರಲಿಲ್ಲ. ಹನ್ನೆರಡನೆಯದು ನವೆಂಬರ್ 18ರಂದು ಕೊಲಂಬಸ್‌ನಲ್ಲೇ, ಹಳೆಯ ವೈರಿ ಮಿಷಿಗನ್ ಜೊತೆ. ಎರಡೂ ಅಲ್ಲಿಯತನಕ ಸೋಲದ ತಂಡಗಳು. ಓಹಾಯೋ 42–39ರಿಂದ ಗೆದ್ದಿತು. ಬೀದಿಯಲ್ಲಿ ಕೂಗಾಟ ರಾತ್ರಿಯೆಲ್ಲ. ಕೂಸು ಬೆಚ್ಚಿ ಬೆಚ್ಚಿ ಏಳುತ್ತಿತ್ತು.

ನನಗೆ ಮಾತ್ರ ಒಂದು ಸಣ್ಣ ಅನುಮಾನ. "ಅಲ್ಲ, ಇದುವರೆಗೆ ಯಾರಿಗೂ 17 ದಾಟಲು ಬಿಡದವರು ಇವತ್ತು 39 ಬಿಟ್ಟುಕೊಟ್ಟರಲ್ಲ?" ಎಂದೆ. ಅಳಿಯಂದಿರು ನಕ್ಕು, "ಗೆದ್ದರಲ್ಲ ಅತ್ತೆ, ಬಿಡಿ" ಎಂದರು. ಗೆದ್ದ ದಿನ ಬೇಲಿಯ ಕಂಡಿಯನ್ನು ಯಾರು ನೋಡುತ್ತಾರೆ? ದನ ಒಳಗೆ ನುಗ್ಗಿದ ಮೇಲೆ ತಾನೆ ಕಂಡಿಯ ಲೆಕ್ಕ.

ಪಟ್ಟಕ್ಕಾಗಿ ಕೊನೆಯ ಪಂದ್ಯ 2007ರ ಜನವರಿ 8ರಂದು, ಅರಿಜೋನಾದ ಗ್ಲೆಂಡೇಲ್‌ನಲ್ಲಿ. ಎದುರಾಳಿ ಫ್ಲಾರಿಡಾ. ಆ ತಂಡ ಒಂದು ಪಂದ್ಯ ಸೋತಿತ್ತು. ಅದಕ್ಕಿಂತ ಮಿಷಿಗನ್ನೇ ಮೇಲು ಎಂದವರು ಬಹಳ ಮಂದಿ. ಹೆಚ್ಚಿನವರ ನಿರೀಕ್ಷೆ ಓಹಾಯೋ ಗೆಲ್ಲುತ್ತದೆ ಎಂದೇ. ಅದರ ಕ್ವಾರ್ಟರ್‌ಬ್ಯಾಕ್ ಟ್ರಾಯ್ ಸ್ಮಿತ್‌ಗೆ ಆ ಸಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಬಂದಿತ್ತು. ಟೆಡ್ ಗಿನ್ ಎಂಬ ಹುಡುಗ ಓಡಿದರೆ ಹಿಡಿಯುವವರಿಲ್ಲ ಎನ್ನುತ್ತಿದ್ದರು.

ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನಾನೂ ನೋಡುತ್ತಿದ್ದೆ. ಮೊದಲ ಒದೆತದ ಚೆಂಡನ್ನೇ ಟೆಡ್ ಗಿನ್ ಹಿಡಿದು 93 ಗಜ ಓಡಿ ಗೆರೆ ದಾಟಿದ. ಆಟ ಶುರುವಾಗಿ 16 ಸೆಕೆಂಡು. ಖುಷಿಯಲ್ಲಿ ಜೊತೆಗಾರರು ಅವನ ಮೇಲೆ ಬಿದ್ದು ತಬ್ಬಿಕೊಂಡರು. ಆ ಸಂಭ್ರಮದಲ್ಲೇ ಅವನ ಕಾಲಿಗೆ ಪೆಟ್ಟಾಯಿತು. ಅಂದು ಅವನು ಮತ್ತೆ ಆಡಲಾಗಲಿಲ್ಲ. ತಂಡದ ಅತಿ ವೇಗದ ಕಾಲನ್ನು ಕೆಡವಿದ್ದು ಎದುರಾಳಿಯಲ್ಲ, ತಮ್ಮವರದೇ ಅಪ್ಪುಗೆ.

ಆಮೇಲೆ ನಡೆದದ್ದನ್ನು ಕೊಲಂಬಸ್‌ನವರು ಇಂದಿಗೂ ಮರೆತಿಲ್ಲ. ಫ್ಲಾರಿಡಾ ಸಾಲಾಗಿ 21 ಅಂಕ ಗಳಿಸಿತು. ಅರ್ಧ ಆಟಕ್ಕೆ 34–14, ಕೊನೆಗೆ 41–14. ಪಂದ್ಯಕ್ಕೆ ಸರಾಸರಿ 36 ಅಂಕ ಗಳಿಸುತ್ತ ಬಂದಿದ್ದ ತಂಡ ಇಡೀ ರಾತ್ರಿ ಮುಂದೆ ಸಾಗಿದ್ದು ಒಟ್ಟು 82 ಗಜ. ಫ್ಲಾರಿಡಾದ್ದು 370. ಪ್ರಶಸ್ತಿವಿಜೇತ ಸ್ಮಿತ್ ಎಸೆದ 14ರಲ್ಲಿ ಜೊತೆಗಾರರ ಕೈಗೆ ಸಿಕ್ಕಿದ್ದು ನಾಲ್ಕು. ಐದು ಸಲ ಅವನನ್ನು ಚೆಂಡಿನ ಸಮೇತ ಕೆಡವಿದರು.

ಮರುದಿನದಿಂದ ಟೀವಿಯಲ್ಲಿ, ಪತ್ರಿಕೆಯಲ್ಲಿ ಎಲ್ಲೆಲ್ಲೂ ಒಂದೇ ವಿವರಣೆ: ಸ್ಪೀಡ್. ದಕ್ಷಿಣದ ಹುಡುಗರು ವೇಗದವರು, ನಡುನಾಡಿನ ಓಹಾಯೋದವರು ನಿಧಾನದವರು. ಮರುವರ್ಷ, 2008ರ ಜನವರಿ 7ರಂದು, ಓಹಾಯೋ ಮತ್ತೆ ಕೊನೆಯ ಪಂದ್ಯಕ್ಕೆ ಬಂದು ದಕ್ಷಿಣದ ಇನ್ನೊಂದು ತಂಡವಾದ ಎಲ್‌ಎಸ್‌ಯುಗೆ 38–24ರಿಂದ ಸೋತಾಗ ಆ ಮಾತಿಗೆ ಮುದ್ರೆಯೇ ಬಿತ್ತು. 2006ರಿಂದ 2012ರವರೆಗೆ ಏಳು ಸಾಲಿನ ಪಟ್ಟವೂ ದಕ್ಷಿಣದ ಅದೇ ಕೂಟದ ತಂಡಗಳ ಪಾಲಾಯಿತು. ಆಗ ಅದನ್ನು ಕೇಳುವವರೇ ಇಲ್ಲದಾಯಿತು.

ನನ್ನ ತಕರಾರು ಇಲ್ಲೇ. ಸೋಲಿಗೆ ಕಾರಣ ಹುಡುಕುವುದು ಬೇರೆ, ಸೋತವರ ಕಾಲಿಗೆ ಹೆಸರಿಡುವುದು ಬೇರೆ. ಪಂದ್ಯದ ಹಿಂದಿನ ದಿನ ಆ ಹುಡುಗರನ್ನು ಯಾರೂ ನಿಧಾನಿಗಳೆಂದು ತಳ್ಳಿಹಾಕಿರಲಿಲ್ಲ. ಒಂದೇ ರಾತ್ರಿಯಲ್ಲಿ ಅವರ ಕಾಲು ಬದಲಾಯಿತೆ? ಕಾಲ್ಗುಣದ ಮಾತೂ ಹೀಗೆಯೇ ಹುಟ್ಟುವುದು. ಫಲ ಬಂದಮೇಲೆ ಬರುವ ಮಾತು ಅದು. ತೋಟ ಚೆನ್ನಾಗಿ ಬಂದಿದ್ದರೆ ಅದೇ ಕಾಲು ಲಕ್ಷ್ಮಿಯ ಕಾಲಾಗುತ್ತಿತ್ತು.

ಬರೀ ತಕರಾರು ಸಾಲದು, ಆಟವನ್ನೇ ನೋಡಬೇಕು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅದಕ್ಕೂ ಕಾರಣ ಅಂದು ಕಾಲ ಮೇಲೆ ಮಲಗಿದ್ದ ಕೂಸೇ.

2022ರ ಜೂನ್‌ನಲ್ಲಿ ಮೊಮ್ಮಗ ರಜೆಗೆ ನಮ್ಮಲ್ಲಿಗೆ ಬಂದ. ಅವರಿಗೆ ಬೇಸಿಗೆ, ನಮಗೆ ಮಳೆಗಾಲ. ಹದಿನೈದು ವರ್ಷದ ಹುಡುಗ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ದೋಸೆ ತಿನ್ನುತ್ತ ಹೇಳಿದ: ಶಾಲೆಯ ಫುಟ್‌ಬಾಲ್ ತಂಡದ ಆಯ್ಕೆಗೆ 40 ಗಜ ಓಡಿಸಿದರು, ಇವನಿಗೆ 5.4 ಸೆಕೆಂಡು ಹಿಡಿಯಿತು, ನೀನು ನಿಧಾನ ಎಂದು ಕಳಿಸಿಬಿಟ್ಟರು. "ನಾನು ಸ್ಲೋ ಅಜ್ಜಿ" ಎಂದ. ನಾನು ದೋಸೆ ಮಗುಚುವುದನ್ನು ಮರೆತೆ. ಒಂದು ಬದಿ ಕರಕಾಯಿತು.

ಈ 40 ಗಜದ ಓಟ ಅಮೆರಿಕದ ಫುಟ್‌ಬಾಲಿನಲ್ಲಿ ಜಾತಕ ಇದ್ದ ಹಾಗೆ. ವೃತ್ತಿಪರ ತಂಡಗಳ ವಾರ್ಷಿಕ ಪರೀಕ್ಷೆಯಲ್ಲಿ 2024ರಲ್ಲಿ ಜೇವಿಯರ್ ವರ್ದಿ ಎಂಬ ಯುವಕ 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಬದುಕು ಅತ್ತಿತ್ತ ಆಗುವುದುಂಟು. ಆದರೆ ಆ ಓಟದಲ್ಲಿ ಎದುರಾಳಿ ಇಲ್ಲ, ಮೈಮೇಲೆ ಕವಚವಿಲ್ಲ, ತಿರುವಿಲ್ಲ. ಎತ್ತ ಓಡಬೇಕೆಂಬ ಯೋಚನೆಯೂ ಬೇಡ, ಗೆರೆ ಮೊದಲೇ ಎಳೆದಿರುತ್ತದೆ. ಪಂದ್ಯದಲ್ಲಿ ಇಷ್ಟು ನೇರವಾದ ದಾರಿ ಎಷ್ಟು ಸಲ ಸಿಗುತ್ತದೆ?

ಹೊರಗೆ ಮಳೆ ಹೊಯ್ಯುತ್ತಿತ್ತು. "ನೀನು ಎರಡು ತಿಂಗಳ ಕೂಸಾಗಿದ್ದಾಗ ನನ್ನ ಜೊತೆ ಒಂದು ಪಂದ್ಯ ನೋಡಿದ್ದೀಯ, ಮತ್ತೆ ನೋಡೋಣ ಬಾ" ಎಂದೆ. ಅವನು ಅದನ್ನು ಕಂಪ್ಯೂಟರಿನಲ್ಲಿ ಹುಡುಕಿ ಹಾಕಿದ. ನಿಲ್ಲಿಸಿ ನಿಲ್ಲಿಸಿ ನೋಡಿದೆವು, ಎರಡು ಮಧ್ಯಾಹ್ನ. "ಅಜ್ಜಿ, ಚೆಂಡು ನೋಡಬೇಡ. ಹಿಂದೆ ನಿಂತವರನ್ನು ನೋಡು" ಎಂದ. ನನ್ನ ಪಾಲಿಗೆ ಅದೇ ಗುರೂಪದೇಶವಾಯಿತು.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. ವೇಗ ಸುಳ್ಳಲ್ಲ. ಫ್ಲಾರಿಡಾದ ಮುಂಸಾಲಿನ ಎರಡು ತುದಿಯಲ್ಲಿದ್ದ ಡೆರಿಕ್ ಹಾರ್ವಿ ಮತ್ತು ಜಾರ್ವಿಸ್ ಮಾಸ್ ತಮ್ಮನ್ನು ತಡೆಯಬೇಕಾಗಿದ್ದ ದೊಡ್ಡ ದೇಹದವರನ್ನು ಸುತ್ತಿ ಬರುತ್ತಿದ್ದ ರೀತಿ ಕಣ್ಣಿಗೆ ಹೊಡೆಯುವಂತಿದೆ. ಸ್ಮಿತ್‌ನನ್ನು ಕೆಡವಿದ ಐದೂ ಸಲ ಆ ಇಬ್ಬರದೇ ಕೆಲಸ, ಹಾರ್ವಿ ಮೂರು, ಮಾಸ್ ಎರಡು. ಇಲ್ಲಿ ಕಾಲಿನ ಚುರುಕು ನಿಜವಾಗಿ ಗೆದ್ದಿತು.

ಆದರೆ ಓಹಾಯೋ ಬಿಟ್ಟುಕೊಟ್ಟ 41 ಅಂಕಗಳ ಕಥೆ ಬೇರೆ. ಫ್ಲಾರಿಡಾದ ಕ್ವಾರ್ಟರ್‌ಬ್ಯಾಕ್ ಕ್ರಿಸ್ ಲೀಕ್ 36 ಸಲ ಎಸೆದು 25 ಸಲ ಗುರಿ ಮುಟ್ಟಿಸಿದ, ಒಟ್ಟು 213 ಗಜ. ಭಾಗಿಸಿ ನೋಡಿ. ಹಿಡಿದ ಒಂದು ಚೆಂಡಿಗೆ ಎಂಟೂವರೆ ಗಜ. ವೇಗದ ಹುಡುಗ ನಿಧಾನದ ಕಾವಲುಗಾರನನ್ನು ಹಿಂದೆ ಹಾಕಿ ಓಡಿದ್ದರೆ ಈ ಲೆಕ್ಕ ಬರುತ್ತಿರಲಿಲ್ಲ, ಇಪ್ಪತ್ತು ಮೂವತ್ತು ಗಜದ ಲೆಕ್ಕ ಬರುತ್ತಿತ್ತು. ಫ್ಲಾರಿಡಾದ ತರಬೇತುದಾರ ಅರ್ಬನ್ ಮೇಯರ್ ತಮ್ಮ ಹುಡುಗರನ್ನು ಅಂಗಳದ ಅಗಲಕ್ಕೂ ಹರಡಿ ನಿಲ್ಲಿಸುತ್ತಿದ್ದರು. ಕಾಯುವವರೂ ಹರಡಲೇಬೇಕಲ್ಲ. ಹನ್ನೊಂದು ಜನ ಐವತ್ತಮೂರು ಗಜಕ್ಕೆ ಹರಡಿದರೆ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕಂಡಿ ಬೀಳುತ್ತದೆ. ವೇಗಕ್ಕೆ ಹೆದರಿ ಓಹಾಯೋದ ಕಾವಲುಗಾರರು ಹಿಂದೆ ಸರಿದು ನಿಂತರು. ಅವರ ಮುಂದಿನ ಖಾಲಿ ಜಾಗಕ್ಕೆ ಲೀಕ್ ಸಣ್ಣ ಸಣ್ಣ ಎಸೆತ ಎಸೆಯುತ್ತ ಹೋದ. ಅಂದರೆ ವೇಗಕ್ಕಿಂತ ವೇಗದ ಹೆದರಿಕೆಯೇ ಹೆಚ್ಚು ಕೆಲಸ ಮಾಡಿತು.

ಇನ್ನೂ ಕಾರಣಗಳಿದ್ದವು. ಮಿಷಿಗನ್ ಪಂದ್ಯಕ್ಕೂ ಇದಕ್ಕೂ ನಡುವೆ ಓಹಾಯೋಗೆ 51 ದಿನ ಆಟವೇ ಇರಲಿಲ್ಲ. ಫ್ಲಾರಿಡಾಕ್ಕೆ 37 ದಿನ. 24–14 ಇದ್ದಾಗ ಓಹಾಯೋ ತನ್ನದೇ 29ನೇ ಗಜದ ಗೆರೆಯಲ್ಲಿ, ನಾಲ್ಕನೆಯ ಸರದಿಯಲ್ಲಿ, ಚೆಂಡನ್ನು ದೂರ ಒದೆಯುವ ಬದಲು ಇನ್ನೊಂದು ಗಜಕ್ಕಾಗಿ ನುಗ್ಗಿತು, ಆಗಲಿಲ್ಲ. ಫ್ಲಾರಿಡಾ ಅಲ್ಲಿಂದಲೇ 3 ಅಂಕ ಪಡೆಯಿತು. ಸ್ವಲ್ಪ ಹೊತ್ತಿಗೆ ಸ್ಮಿತ್‌ನ ಕೈಯಿಂದ ಚೆಂಡು ಬಿದ್ದು ಇನ್ನೊಂದು 7. ಅದು ತರಬೇತುದಾರ ಜಿಮ್ ಟ್ರೆಸೆಲ್ ಅವರ ತೀರ್ಮಾನ, ಯಾವ ಹುಡುಗನ ಕಾಲಿನದೂ ಅಲ್ಲ. ಇದೆಲ್ಲಕ್ಕಿಂತ ಮೊದಲಿನದು ಮಿಷಿಗನ್ ಗಳಿಸಿದ ಆ 39. ಕಂಡಿ ಅಂದೇ ಇತ್ತು.

ಇಷ್ಟೆಲ್ಲವನ್ನೂ 'ಸ್ಪೀಡ್' ಎಂಬ ಒಂದು ಮಾತಿನ ಕೆಳಗೆ ಹೂತುಬಿಟ್ಟರೆ ಎಷ್ಟು ಅನುಕೂಲ ನೋಡಿ. ಯಾರೂ ತಪ್ಪು ಮಾಡಿಲ್ಲ, ಯಾರೂ ಲೆಕ್ಕ ಕೊಡಬೇಕಾಗಿಲ್ಲ. ಹುಟ್ಟಿನಿಂದ ಬಂದದ್ದಕ್ಕೆ ಯಾರು ಹೊಣೆ? ಸೋತವರಿಗಷ್ಟೇ ಅಲ್ಲ, ಗೆದ್ದವರಿಗೂ ಈ ಮಾತು ಅನ್ಯಾಯವೇ. ಹಾರ್ವಿ, ಮಾಸ್ ತಿಂಗಳುಗಟ್ಟಲೆ ಕಲಿತ ಹೆಜ್ಜೆ, ಎದುರಾಳಿಯ ಭುಜ ನೋಡಿ ದಾರಿ ಊಹಿಸುವ ಬುದ್ಧಿ, ಎಲ್ಲ ದೇವರು ಕೊಟ್ಟ ವೇಗವಾಗಿಬಿಡುತ್ತದೆ. ಕಪ್ಪು ಜನಾಂಗದ ಆಟಗಾರರಾದರೆ ಮೈಯನ್ನು ಹೊಗಳುವುದು, ಬಿಳಿಯರಾದರೆ ಬುದ್ಧಿಯನ್ನು ಹೊಗಳುವುದು ಆ ದೇಶದ ಆಟದ ಮಾತಿನಲ್ಲಿ ಮೊದಲಿನಿಂದ ಇರುವ ಚಾಳಿ ಎಂಬ ಆಕ್ಷೇಪ ಅಲ್ಲಿಯವರದೇ. ಹೊಗಳಿಕೆಯಲ್ಲೂ ಕಸಿದುಕೊಳ್ಳುವುದಿದೆ ಎಂಬುದು ನಮ್ಮ ಹೆಂಗಸರಿಗೆ ಗೊತ್ತಿಲ್ಲದ ವಿಷಯವೆ? ಮೂವತ್ತು ವರ್ಷ ಒಲೆಯ ಮುಂದೆ ನಿಂತು ಕಲಿತದ್ದನ್ನು 'ಕೈಗುಣ' ಎಂದು ಒಂದೇ ಮಾತಿನಲ್ಲಿ ಮುಗಿಸಿ ಎಲೆಯಿಂದ ಏಳುವವರನ್ನು ನಾವು ನೋಡಿಲ್ಲವೆ?

ಇನ್ನೊಂದು ವಿಷಯ. ಏಳು ವರ್ಷದ ಆ ಸಾಲು ಮುಗಿದ ಮೇಲೆ, 2015ರ ಜನವರಿ 1ರಂದು ಓಹಾಯೋ ದಕ್ಷಿಣದ ಬಲಿಷ್ಠ ತಂಡವಾದ ಅಲಬಾಮಾವನ್ನು 42–35ರಿಂದ ಸೋಲಿಸಿತು. ಆಗ ಓಹಾಯೋದ ತರಬೇತುದಾರರು ಯಾರು ಗೊತ್ತೆ? ಅದೇ ಅರ್ಬನ್ ಮೇಯರ್. ಆಡಿದ ಕ್ವಾರ್ಟರ್‌ಬ್ಯಾಕ್ ಕಾರ್ಡೇಲ್ ಜೋನ್ಸ್, ಮೊದಲಿನ ಇಬ್ಬರೂ ಗಾಯಗೊಂಡದ್ದರಿಂದ ಸರದಿ ಬಂದ ಮೂರನೆಯವನು. ಮೇಯರ್ ದಕ್ಷಿಣದ ವೇಗವನ್ನೇ ಉತ್ತರಕ್ಕೆ ತಂದರು, ಅದಕ್ಕೇ ಗೆದ್ದರು ಎಂದು ವೇಗದ ಪಕ್ಷದವರು ಹೇಳಿದರು. ಅದರಲ್ಲಿ ಅರ್ಧ ನಿಜವಿದೆ. ಎಜೆಕಿಯಲ್ ಎಲಿಯಟ್ ಅಂದು 230 ಗಜ ಓಡಿದ, ಕೊನೆಯ ಹೊತ್ತಿನಲ್ಲಿ ಒಂದೇ ಉಸಿರಿಗೆ 85. ಆ ಓಟವನ್ನು ಮೊಮ್ಮಗ ನನಗೆ ಹತ್ತು ಸಲ ತೋರಿಸಿರಬೇಕು. ಎಲಿಯಟ್‌ಗೆ ದಾರಿ ತೆರೆಯುವ ಹೊತ್ತಿಗೆ ಇವಾನ್ ಸ್ಪೆನ್ಸರ್ ಎಂಬ ಹುಡುಗ ಅಲಬಾಮಾದ ಇಬ್ಬರನ್ನು ಒಂದೇ ಬಾರಿಗೆ ತಡೆದು ಬೀಳಿಸುತ್ತಾನೆ. ಅವನಿಲ್ಲದಿದ್ದರೆ ಎಷ್ಟು ವೇಗವಿದ್ದೂ ಏನು ಬಂತು?

ಅದೇ ಪಂದ್ಯದಲ್ಲಿ ಸ್ಟೀವ್ ಮಿಲ್ಲರ್ ಎಂಬ ಓಹಾಯೋದ ಆಟಗಾರ ಎದುರಾಳಿಯ ಎಸೆತವನ್ನು ನಡುವೆ ಹಿಡಿದು 41 ಗಜ ಓಡಿ ಗೆರೆ ದಾಟಿದ. ಅವನು ಮುಂಸಾಲಿನ ಭಾರಿ ಮೈಯವನು, ಓಟಕ್ಕೆ ಹೆಸರಾದವನಲ್ಲ. ಅವನು ನುಗ್ಗಿ ಬರುತ್ತಾನೆ ಎಂದುಕೊಂಡ ಜಾಗ ಬಿಟ್ಟು ಹಿಂದೆ ಸರಿದು ನಿಂತಿದ್ದ. ಎಸೆದವನಿಗೆ ಅದು ತಿಳಿಯಲಿಲ್ಲ. ಹನ್ನೊಂದು ದಿನದ ಮೇಲೆ, ಪಟ್ಟದ ಪಂದ್ಯದಲ್ಲಿ, ಓಹಾಯೋ ಆರಿಗನ್ ತಂಡವನ್ನು 42–20ರಿಂದ ಸೋಲಿಸಿತು. ಆರಿಗನ್‌ನ ವೇಗ ಇನ್ನೊಂದು ಬಗೆಯದು. ಒಂದು ಸರದಿ ಮುಗಿದೊಡನೆ, ಎದುರಿನವರು ಸರಿಯಾಗಿ ನಿಲ್ಲುವ ಮೊದಲೇ ಮುಂದಿನದನ್ನು ಶುರುಮಾಡುವುದು. ಹಾಗಾದರೆ ವೇಗವೆಂದರೆ ಯಾವುದು? ಕಾಲಿನದೆ, ಕಣ್ಣಿನದೆ, ಗಡಿಯಾರದ್ದೆ? ಒಂದೇ ಪದ ಇಷ್ಟಕ್ಕೂ ಸಾಕು ಎನ್ನುವವರು ಆಟವನ್ನು ನೋಡುತ್ತಿಲ್ಲ, ಫಲಕದ ಅಂಕ ನೋಡುತ್ತಿದ್ದಾರೆ.

"ನಿಧಾನ ಇರುವವನು ಏನು ಮಾಡಬೇಕು ಹಾಗಾದರೆ?" ಎಂದು ಕೇಳಿದೆ. ಅವನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ. ಓಡುವವನ ಹಿಂದೆ ಓಡಬಾರದು, ಅವನು ಹೋಗಿ ಸೇರುವ ಜಾಗಕ್ಕೆ ಅಡ್ಡ ಓಡಬೇಕು. ದೂರ ಕಡಿಮೆಯಾಗುತ್ತದೆ. ಜಾಗ ಹಂಚಿಕೊಂಡು ಕಾಯುವಾಗ ದೊಡ್ಡ ಅಪಾಯ ಇಬ್ಬರ ಗಡಿಯಲ್ಲಿ ಎಂದೂ ಹೇಳಿದ. ಚೆಂಡು ಅಲ್ಲಿಗೆ ಬಂದಾಗ ಇವನು ಅವನು ಹಿಡಿಯುತ್ತಾನೆಂದು, ಅವನು ಇವನು ಹಿಡಿಯುತ್ತಾನೆಂದು ನಿಂತುಬಿಡುತ್ತಾರೆ.

ನಾನು ಸುಮ್ಮನೆ ಕೂತೆ. ನನ್ನ ಮದುವೆಯ ವರ್ಷ ತೋಟದಲ್ಲಿ ಆದದ್ದೇ ಅದು. ಮಳೆಗಾಲ ಹಿಡಿಯುವ ಮೊದಲು ಅಡಿಕೆ ಗೊನೆಗೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಸಬೇಕು. ಮರ ಹತ್ತುವವರನ್ನು ತಮ್ಮ ಕರೆಸುತ್ತಾನೆಂದು ಅಣ್ಣ, ಅಣ್ಣ ಕರೆಸುತ್ತಾನೆಂದು ತಮ್ಮ. ಇಬ್ಬರೂ ಮೈಗಳ್ಳರಲ್ಲ. ದ್ರಾವಣ ಬೀಳುವ ಹೊತ್ತಿಗೆ ಮಳೆ ಹಿಡಿದು ಎರಡು ವಾರವಾಗಿತ್ತು. ಇದನ್ನು ನಮ್ಮ ಮೈದುನನವರೇ ಎಷ್ಟೋ ವರ್ಷದ ಮೇಲೆ ಊಟದ ಹೊತ್ತಿನಲ್ಲಿ ನಗುತ್ತ ಹೇಳಿದ್ದರು. ಎಲ್ಲರೂ ನಕ್ಕರು. ಕಾಲ್ಗುಣದ ಮಾತನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಜ್ಜಿಗೆ ಬಡಿಸುತ್ತಿದ್ದ ನಾನೂ ಕೇಳಲಿಲ್ಲ. ಕೇಳಬೇಕಾಗಿತ್ತು.

ಮೊಮ್ಮಗ ಮರುವರ್ಷ ಶಾಲೆಯ ಎರಡನೆಯ ತಂಡದಲ್ಲಿ ಹಿಂಬದಿ ಕಾವಲಿಗೆ ಸೇರಿಕೊಂಡ. ಓಟ ಹೆಚ್ಚೇನೂ ಸುಧಾರಿಸಿರಲಿಲ್ಲ, 5.3 ಅಂತೆ. ಸೋತ ದಿನವೂ ಫೋನ್ ಮಾಡಿ, ಎಲ್ಲಿ ಕಂಡಿ ಬಿತ್ತು, ಅದರಲ್ಲಿ ತನ್ನ ಪಾಲೆಷ್ಟು ಎಂದು ಹೇಳುತ್ತಿದ್ದ. ಈಗ ಕಾಲೇಜಿಗೆ ಹೋಗುತ್ತಾನೆ, ಆಟ ಬಿಟ್ಟಿದ್ದಾನೆ. ಆದರೆ 'ನಾನು ಸ್ಲೋ' ಎಂದು ಅವನು ಹೇಳಿದ್ದನ್ನು ಆ ಮಳೆಗಾಲದಿಂದ ಈಚೆಗೆ ನಾನು ಕೇಳಿಲ್ಲ.